ಪಾರ್ಸಲ್ ಮಾಂಸದ ಮೇಲೆ ಅನುಮಾನವೇ? ಬಿಸಾಡುವ ಮುಂಚೆ ಇಷ್ಟು ಮಾಡಿ

ಕಳೆದ ಮಳೆಗಾಲದ ಒಂದು ಭಾನುವಾರ ರಾತ್ರಿ. ಹಾಸನದಲ್ಲಿ ಬಿಡದ ಮಳೆ, ಮನೆಯಲ್ಲಿ ಯಾರಿಗೂ ಒಲೆ ಮುಂದೆ ನಿಲ್ಲುವ ಮನಸ್ಸಿಲ್ಲ. ಊರೊಳಗಿನ ಒಂದು ಹೋಟೆಲಿನಿಂದ ಎರಡು ಮಟನ್ ಬಿರಿಯಾನಿ ಪಾರ್ಸಲ್ ತಂದೆ. ಅರ್ಧ ಊಟ ಆಗಿತ್ತು. ಅಕ್ಕ ತಟ್ಟೆಯ ಅಂಚಿಗೆ ಒಂದು ಮೂಳೆ ತಳ್ಳಿ, "ಇದ್ಯಾವ ಪ್ರಾಣಿದೋ?" ಅಂದಳು. ನಡುವೆ ತೂತು, ಎರಡೂ ಕಡೆ ಚಿಟ್ಟೆ ರೆಕ್ಕೆಯ ಹಾಗೆ ಚಾಚಿಕೊಂಡ ಮೂಳೆ. ಅಲ್ಲಿಗೆ ಊಟ ಮುಗಿಯಿತು. ಪಕ್ಕದ ಮನೆಯವರನ್ನು ಕರೆದು ತೋರಿಸಿದರೆ ಅವರು ಬೆಕ್ಕು ಅಂದರು, ಅವರ ಮಗ ನಾಯಿ ಅಂದ. ಉಳಿದದ್ದನ್ನೆಲ್ಲ ಕವರಿಗೆ ಸುರಿದು, ಬೆಳಿಗ್ಗೆ ಬರುವ ಕಸದ ಗಾಡಿಗೆ ಅಂತ ಗೇಟಿನ ಹತ್ತಿರ ಇಟ್ಟೆವು.

ಮೂಳೆಯನ್ನು ಮಾತ್ರ ನಾನು ತೊಳೆದು ಎತ್ತಿಟ್ಟಿದ್ದೆ. ಮಾರನೆ ದಿನ ಕಟ್ಟಿನಕೆರೆ ಮಾರುಕಟ್ಟೆ ಕಡೆ ನಾನು ಯಾವಾಗಲೂ ಮಟನ್ ತರುವ ಅಂಗಡಿಗೆ ತಗೊಂಡು ಹೋದೆ. ಅಂಗಡಿಯವರು ಅದನ್ನು ಹೆಬ್ಬೆರಳಲ್ಲಿ ಒಮ್ಮೆ ತಿರುಗಿಸಿ ನೋಡಿ, ಕೊಕ್ಕೆಗೆ ತೂಗುಹಾಕಿದ್ದ ಮೇಕೆಯ ಕುತ್ತಿಗೆಗೆ ಕತ್ತಿಯ ತುದಿ ಮುಟ್ಟಿಸಿದರು. "ಕತ್ತಿನ ಮೂಳೆ ಸಾರ್. ನೀವು ಯಾವಾಗ್ಲೂ ತೊಡೆ, ಚಾಪ್ಸ್ ಅಂತೀರಲ್ಲ, ಇದನ್ನ ನೋಡಿರಲ್ಲ."

ಸರಿ, ಪ್ರಾಣಿ ಮೇಕೆಯೇ. ಆದರೆ ಹಿಂದಿನ ರಾತ್ರಿ ಒಂಬತ್ತಕ್ಕೆ ತಿಂದ ಅಕ್ಕ ಹನ್ನೊಂದೂವರೆಯಿಂದ ಬೆಳಗಿನ ತನಕ ವಾಂತಿ ಮಾಡಿದ್ದಳು. ಅಂದರೆ ಎಲ್ಲೋ ಏನೋ ಕೆಟ್ಟಿದ್ದಂತೂ ನಿಜ. ನಾವು ಮೂಳೆ ಹಿಡಿದು ಕೂತಿದ್ದೆವು, ಸಾಕ್ಷಿ ಕಸದ ಗಾಡಿ ಹತ್ತಿ ಹೋಗಿತ್ತು.

ಪಾರ್ಸಲ್ ಅಂದರೆ ನಮ್ಮ ಜನಕ್ಕೆ ಮೊದಲು ಬರುವ ಅನುಮಾನವೇ "ಯಾವ ಪ್ರಾಣಿ" ಅನ್ನೋದು. 2024ರ ಜುಲೈನಲ್ಲಿ ರಾಜಸ್ಥಾನದಿಂದ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಪೆಟ್ಟಿಗೆಗಟ್ಟಲೆ ಮಾಂಸ ಬಂದಾಗ ನಾಯಿ ಮಾಂಸ ಅಂತ ಎಷ್ಟು ಗಲಾಟೆ ಆಯ್ತು, ನೆನಪಿದೆಯಲ್ವಾ? ಬಾಲ ಉದ್ದ ಇದೆ ಅನ್ನೋದೇ ದೊಡ್ಡ ಸಾಕ್ಷಿ ಆಗಿತ್ತು. ಆ ಕಡೆಯ ಸಿರೋಹಿ ತಳಿಯ ಮೇಕೆಗೆ ಬಾಲ ಸ್ವಲ್ಪ ಉದ್ದವೇ ಇರುತ್ತದೆ ಅಂತ ಆಹಾರ ಸುರಕ್ಷತಾ ಇಲಾಖೆ ಹೇಳಿತು, ಆಮೇಲೆ ಹೈದರಾಬಾದಿನ ರಾಷ್ಟ್ರೀಯ ಮಾಂಸ ಸಂಶೋಧನಾ ಸಂಸ್ಥೆಯ ವರದಿಯಲ್ಲೂ ನಾಯಿ ಮಾಂಸ ಅಲ್ಲ ಅಂತಲೇ ಬಂತು. ಮೋಸ ಎಲ್ಲೂ ನಡೆಯೋದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಪಾರ್ಸಲ್ ತಿಂದು ಮಲಗಿದವರಲ್ಲಿ ಹೆಚ್ಚಿನವರನ್ನು ಮಲಗಿಸಿದ್ದು ಪ್ರಾಣಿ ಬದಲಾಗಿದ್ದಲ್ಲ, ಮಾಂಸ ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಬಿದ್ದಿತ್ತು ಅನ್ನೋದು. ಅದಕ್ಕೇ ಅಲ್ಲಿಂದ ಶುರು ಮಾಡೋಣ.

1. ಮೊದಲು ಗಡಿಯಾರ ನೋಡಿ

ಬೇಯಿಸಿದ ಮಾಂಸ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲಾ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನ ಬೆಚ್ಚಗಿನ ಜಾಗವೇ ರೋಗಾಣುಗಳಿಗೆ ಹಬ್ಬ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ 2 ಗಂಟೆ, ಅದಕ್ಕಿಂತ ಜಾಸ್ತಿ ಹೊತ್ತು ಬೇಯಿಸಿದ ಊಟ ಹೊರಗೆ ಇರಬಾರದು. ಇಲ್ಲೊಂದು ತಪ್ಪು ಎಲ್ಲರೂ ಮಾಡುತ್ತೇವೆ, ಗಂಟೆಯನ್ನು ನಾವು ಮನೆಗೆ ಬಂದಾಗಿನಿಂದ ಎಣಿಸುತ್ತೇವೆ. ಎಣಿಸಬೇಕಾದ್ದು ಒಲೆಯಿಂದ ಇಳಿದಾಗಿನಿಂದ. ಹಾಸನದಲ್ಲಿ ಕಟ್ಟಿಸಿಕೊಂಡು ಸಕಲೇಶಪುರದ ಮನೆಗೆ ಒಯ್ಯುವವರಿಗೆ ದಾರಿಯಲ್ಲೇ ಒಂದು ಗಂಟೆ ಹೋಯಿತು. ಹೋಟೆಲಿನಲ್ಲಿ ಅದು ಎಷ್ಟು ಹೊತ್ತು ಸುಮ್ನೆ ಕೂತಿತ್ತೋ ಆ ದೇವರೇ ಬಲ್ಲ. ಪಾರ್ಸಲ್ ಕೈಗೆ ಬಂದಾಗಲೇ ಉಗುರುಬೆಚ್ಚಗಿದ್ದರೆ ಅಲ್ಲೇ ಕೇಳಿ, "ಅಣ್ಣ, ಇದು ಯಾವಾಗ ಮಾಡಿದ್ದು?" ಮುಜುಗರ ಬೇಡ, ದುಡ್ಡು ಕೊಟ್ಟಿದ್ದೀರಿ.

ನಮ್ಮ ಕಡೆಗೆ ಇನ್ನೊಂದು ಕಾಟ ಇದೆ. ಜುಲೈ, ಆಗಸ್ಟ್‌ನಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತೋ ಹೇಳೋಕಾಗಲ್ಲ. ಜನರೇಟರ್ ಇಲ್ಲದ ಹೋಟೆಲಿನ ಫ್ರಿಜ್ ಆಗ ಬರೀ ಬೀರು. ಅಂಥ ವಾರದಲ್ಲಿ ನಾನಂತೂ ಮೊಟ್ಟೆ ಸಾರಿಗೇ ತೃಪ್ತಿ ಪಡುತ್ತೇನೆ. ಹೊಸತೊಡಕಿನ ದಿನ ಉಲ್ಟಾ, ಮಾಂಸವೇನೋ ಹೊಸದೇ ಇರುತ್ತದೆ, ಆದರೆ ನೂಕುನುಗ್ಗಲಿಗೆ ಹೆದರಿ ದೊಡ್ಡ ದೊಡ್ಡ ಹಂಡೆಯಲ್ಲಿ ಬೇಗನೆ ಮಾಡಿಟ್ಟಿರುತ್ತಾರೆ. ಆ ಗಾತ್ರದ ಪಾತ್ರೆಯ ನಡುಭಾಗ ಆರೋದು ಬಹಳ ನಿಧಾನ, ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

2. ಮಸಾಲೆ ತೊಳೆದು ಮೂಸಿ

ಗರಂ ಮಸಾಲೆ, ಪುದೀನ, ನಿಂಬೆಹುಳಿ ಇದ್ದ ಕಡೆ ಮೂಗಿಗೆ ಕೆಲಸ ಇಲ್ಲ. ಒಂದು ತುಂಡನ್ನು ತೆಗೆದು ಬಿಸಿನೀರಲ್ಲಿ ಜಾಲಾಡಿ, ಎಳೆಯ ಉದ್ದಕ್ಕೂ ಬಿಡಿಸಿ, ಒಳಭಾಗವನ್ನು ಮೂಸಿ ನೋಡಿ. ಹುಳಿ ವಾಸನೆ, ಮೂತ್ರದಂಥ ಘಾಟು, ಬೆರಳಿಗೆ ಲೋಳೆ ಲೋಳೆ, ಇದರಲ್ಲಿ ಒಂದಿದ್ದರೂ ಮುಂದೆ ತಿನ್ನಬೇಡಿ. ವಾಸನೆ ಚೆನ್ನಾಗಿದೆ ಅಂತ ಪೂರ್ತಿ ನಂಬುವ ಹಾಗೂ ಇಲ್ಲ. ಮಾಂಸವನ್ನು ನಾರಿಸುವ ರೋಗಾಣು ಬೇರೆ, ನಮ್ಮನ್ನು ಮಲಗಿಸುವ ರೋಗಾಣು ಬೇರೆ. ಸಾಲ್ಮೊನೆಲ್ಲಾ ಇದ್ದ ಕೋಳಿ ಘಮಘಮ ಅಂತಲೇ ಇರಬಹುದು.

3. ಸುಮ್ಮನೆ ಹೆದರಬೇಡಿ

ಕೋಳಿ ಮೂಳೆಯ ಪಕ್ಕ ಕೆಂಪು ಕಂಡರೆ ಹಸಿ ಅಂತ ಕೂಗಾಡುವವರು ಬಹಳ. ಬಾಯ್ಲರ್ ಕೋಳಿಗೆ ಕತ್ತರಿಸುವಾಗ ಇರುವುದು ಸುಮಾರು 40 ದಿನದ ವಯಸ್ಸು, ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರಲ್ಲ. ಒಳಗಿನ ಮಜ್ಜೆಯ ಬಣ್ಣ ಜಿನುಗಿ ಪಕ್ಕದ ಮಾಂಸಕ್ಕೆ ಹತ್ತುತ್ತದೆ, ಫ್ರೀಜರ್‌ನಲ್ಲಿ ಇಟ್ಟಿದ್ದರೆ ಇನ್ನೂ ಕಪ್ಪಗೆ ಕಾಣುತ್ತದೆ. ನೋಡಬೇಕಾದ್ದು ಮಾಂಸದ ದಪ್ಪ ಜಾಗದಲ್ಲಿ: ಅಲ್ಲಿ ಹೊಳೆಯುವ ಹಸಿ ಗುಲಾಬಿ ಬಣ್ಣ, ಒತ್ತಿದರೆ ಕೆಂಪು ನೀರು, ರಬ್ಬರಿನಂಥ ಎಳೆ ಇದ್ದರೆ ಅದು ಬೆಂದಿಲ್ಲ. ಮಟನ್ ತುಂಡನ್ನು ಅಡ್ಡ ಕತ್ತರಿಸಿದ ಕಡೆ ಹಸಿರು, ನೇರಳೆ ಮಿಂಚು ಕಂಡರೆ ಅದು ಎಳೆಗಳ ಮೇಲೆ ಬೆಳಕಿನ ಆಟವಷ್ಟೇ, ತಟ್ಟೆ ತಿರುಗಿಸಿದರೆ ಮಿಂಚೂ ಜಾಗ ಬದಲಿಸುತ್ತದೆ. ಎಲ್ಲಿಂದ ನೋಡಿದರೂ ಹಸಿರಾಗೇ ಇದ್ದರೆ ಬಿಡಿ.

4. ಕಬಾಬಿಗೆ ನೀರಿನ ಪರೀಕ್ಷೆ

2024ರ ಜೂನ್‌ನಿಂದ ಕರ್ನಾಟಕದಲ್ಲಿ ಕೋಳಿ, ಮೀನು ಕಬಾಬಿಗೆ ಕೃತಕ ಬಣ್ಣ ಹಾಕುವ ಹಾಗಿಲ್ಲ. ಗೋಬಿ ಮಂಚೂರಿಗೆ ಆ ಮಾರ್ಚ್‌ನಲ್ಲೇ ನಿಷೇಧ ಬಂದಿತ್ತು. ಆದರೂ ಸಂಜೆ ಗಾಡಿಗಳ ಕಡೆ ಕಣ್ಣು ಹಾಯಿಸಿ, ಹೊಳೆಯುವ ಕಿತ್ತಳೆ ಕೆಂಪು ಎಲ್ಲೂ ಪೂರ್ತಿ ಹೋಗಿಲ್ಲ.

ಒಂದು ಗಾಜಿನ ಲೋಟದಲ್ಲಿ ಬೆಚ್ಚಗಿನ ನೀರು ತಗೊಂಡು ಕಬಾಬಿನ ತುಂಡು ಹಾಕಿ, ಕಲಕದೆ ಐದು ನಿಮಿಷ ಬಿಡಿ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಣ್ಣೆಗೆ ಕರಗುತ್ತದೆ, ನೀರಿಗೆ ಹೆಚ್ಚು ಬಿಡುವುದಿಲ್ಲ. ನೀರಿನ ಮೇಲೆ ಕೆಂಪು ಎಣ್ಣೆ ಚುಕ್ಕಿ ತೇಲುತ್ತದೆ, ಕೆಳಗೆ ಮಸಾಲೆ ಪುಡಿ ಇಳಿದು ನೀರು ಸ್ವಲ್ಪ ಮಬ್ಬಾಗುತ್ತದೆ ಅಷ್ಟೆ. ಸನ್‌ಸೆಟ್ ಯೆಲ್ಲೊ, ಕಾರ್ಮೋಸಿನ್ ಥರದ ಬಣ್ಣಗಳು ನೀರಲ್ಲಿ ಕರಗುವಂಥವು, ಹಾಗಾಗಿ ತುಂಡಿನಿಂದ ಶರಬತ್ತಿನಂಥ ಸ್ವಚ್ಛ ಕಿತ್ತಳೆ ಗೆರೆ ಇಳಿಯೋದು ಕಣ್ಣಿಗೇ ಕಾಣುತ್ತದೆ. ಇದು ಕೋರ್ಟಿಗೆ ನಡೆಯುವ ಸಾಕ್ಷಿ ಅಲ್ಲ, ದೂರು ಕೊಡೋಕೆ ಸಾಕು. ಅಂದಹಾಗೆ ಕಬಾಬನ್ನು ಪೇಪರಿನಲ್ಲಿ ಕಟ್ಟಿಕೊಟ್ಟರೆ ಅದೂ ತಪ್ಪೇ, ಮುದ್ರಣದ ಶಾಯಿ ಎಣ್ಣೆಗೆ ಅಂಟುತ್ತದೆ. ಈ ಪುರವಣಿಯೂ ಆ ಕೆಲಸಕ್ಕೆ ಬೇಡ!

5. ಪ್ರಾಣಿಯದ್ದೇ ಅನುಮಾನ ಇದ್ದರೆ, ಮೊದಲು ಲೆಕ್ಕ ಹಾಕಿ

ಮಟನ್ ಕೆ.ಜಿ.ಗೆ 800 ರೂಪಾಯಿ ಅಂತ ಇಟ್ಟುಕೊಳ್ಳಿ. 150 ಗ್ರಾಂ ಹಸಿ ಮಾಂಸಕ್ಕೆ 120 ಆಯ್ತು, ಬೇಯುವಾಗ ಅದರಲ್ಲಿ ಕಾಲು ಭಾಗಕ್ಕೂ ಜಾಸ್ತಿ ತೂಕ ಇಳಿಯುತ್ತದೆ. ಅಕ್ಕಿ, ಎಣ್ಣೆ, ಗ್ಯಾಸು, ಕೆಲಸದವರ ಕೂಲಿ ಬೇರೆ. ಹಾಗಿರುವಾಗ 110 ರೂಪಾಯಿಗೆ ಪೊಟ್ಟಣ ತುಂಬಾ ತುಂಡು ಹಾಕಿ "ಮಟನ್" ಅಂತ ಕೊಟ್ಟರೆ ಅನುಮಾನ ಪಡಲು ಮೂಳೆ ನೋಡಬೇಕಾಗಿಯೇ ಇಲ್ಲ. ಖೈಮಾದಲ್ಲಿ ಬೆರೆಸುವುದು ಇನ್ನೂ ಸುಲಭ. ಬೆಂದು, ಮಸಾಲೆ ಹಿಡಿದ ಮಾಂಸವನ್ನು ನೋಡಿ ಇಂಥದ್ದೇ ಪ್ರಾಣಿ ಅಂತ ಖಚಿತವಾಗಿ ಹೇಳೋಕೆ ಡಿಎನ್‌ಎ ಪರೀಕ್ಷೆಯೇ ಆಗಬೇಕು. ಮೂಳೆ ಇದ್ದರೆ ಮಾತ್ರ ನನ್ನ ಹಾಗೆ ಮಾಂಸದ ಅಂಗಡಿಗೆ ಒಯ್ದು ತೋರಿಸಬಹುದು, ದಿನಾ ಕತ್ತರಿಸುವವರ ಕಣ್ಣು ನಮ್ಮ ಪಕ್ಕದ ಮನೆಯವರ ಕಣ್ಣಿಗಿಂತ ವಾಸಿ.

6. ಬಿಸಿ ಮಾಡಿ ತಿನ್ನೋಣ ಅನ್ನಬೇಡಿ

ಇದು ನಮ್ಮ ಮನೆಗಳಲ್ಲಿ ದಿನಾ ಕೇಳುವ ಮಾತು, "ಚೆನ್ನಾಗಿ ಕುದಿಸಿದ್ರೆ ಏನೂ ಆಗಲ್ಲ". ಕುದಿಸಿದರೆ ರೋಗಾಣು ಸಾಯುತ್ತದೆ, ನಿಜ. ಆದರೆ ಸ್ಟ್ಯಾಫಿಲೋಕಾಕಸ್ ಅನ್ನೋ ರೋಗಾಣು ಬಿಟ್ಟುಹೋದ ವಿಷ ಕುದಿಗೂ ಜಗ್ಗಲ್ಲ. ಬಿರಿಯಾನಿ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸುವ ವಿಷವೂ ಹಾಗೇ. ಇವೆರಡೂ ಸಾಮಾನ್ಯವಾಗಿ ತಿಂದ ಅರ್ಧ ಗಂಟೆಯಿಂದ ಐದಾರು ಗಂಟೆಯೊಳಗೆ ಹೊಟ್ಟೆ ತೊಳಸುತ್ತವೆ. ಅಕ್ಕನದು ಎರಡೂವರೆ ಗಂಟೆ. ಬೈದಿದ್ದು ಮಾಂಸವನ್ನ, ತಪ್ಪು ಅನ್ನದ್ದೇ ಇರಬಹುದು.

ವಾಂತಿ, ಭೇದಿ ಶುರುವಾದರೆ ಓಆರ್‌ಎಸ್ ನೀರು ಗುಟುಕು ಗುಟುಕಾಗಿ ಕುಡಿಸಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಂತುಹೋಗುವುದು, ಕುಡಿದದ್ದೂ ನಿಲ್ಲದಿರುವುದು, ಇವು ಕಂಡರೆ ಆಸ್ಪತ್ರೆಗೇ ಹೋಗಿ. ಮಗು, ಬಸುರಿ, ವಯಸ್ಸಾದವರು ಆದರೆ ಇಷ್ಟಕ್ಕೆಲ್ಲ ಕಾಯಲೇಬೇಡಿ. ಡಾಕ್ಟರಿಗೆ ಏನು, ಎಷ್ಟು ಗಂಟೆಗೆ ತಿಂದಿರಿ ಅಂತ ಹೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹಿಂದಿನ ಎರಡು ಮೂರು ದಿನದ ಊಟವನ್ನೂ ನೆನಪಿಸಿಕೊಳ್ಳಿ, ಯಾಕೆಂದರೆ ಸಾಲ್ಮೊನೆಲ್ಲಾ ಆರು ಗಂಟೆಗೂ ಬರಬಹುದು, ಆರು ದಿನಕ್ಕೂ ಬರಬಹುದು. ಕೊನೆಗೆ ತಿಂದ ಹೋಟೆಲಿಗೇ ಕೆಟ್ಟ ಹೆಸರು ಬರುತ್ತದೆ, ಪಾಪ.

7. ಎತ್ತಿಡಿ

ಉಳಿದದ್ದನ್ನು ಶುದ್ಧ ಮುಚ್ಚಳದ ಡಬ್ಬಿಗೆ ಹಾಕಿ, ದಿನಾಂಕ, ಸಮಯ ಬರೆದು ಫ್ರಿಜ್ಜಿನಲ್ಲಿಡಿ. ಮನೆಯವರು ಗೊತ್ತಿಲ್ಲದೆ ತಿನ್ನದ ಹಾಗೆ ದೊಡ್ಡದಾಗಿ "ತಿನ್ನಬೇಡಿ" ಅಂತ ಅಂಟಿಸಿ. ಪೊಟ್ಟಣ, ತುಂಡು, ಬಿಲ್ಲು ಎಲ್ಲದರ ಫೋಟೊ ತೆಗೆಯಿರಿ. 2022ರ ಜನವರಿ 1ರಿಂದ ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಸಂಖ್ಯೆ ಇರಲೇಬೇಕು. ಅದು 14 ಅಂಕೆಯದು. ಕರ್ನಾಟಕದ ಲೈಸೆನ್ಸ್ ಆದರೆ 112ರಿಂದ, ಸಣ್ಣ ವ್ಯಾಪಾರದ ನೋಂದಣಿ ಆದರೆ 212ರಿಂದ ಶುರುವಾಗುತ್ತದೆ. ಬಿಲ್ಲೇ ಕೊಡದಿದ್ದರೆ ಗಲ್ಲಾ ಹಿಂದಿನ ಗೋಡೆ ನೋಡಿ, ಸಾಮಾನ್ಯವಾಗಿ ದೇವರ ಫೋಟೊ ಪಕ್ಕ ತೂಗುಹಾಕಿರುತ್ತಾರೆ. ಫೋನ್‌ಪೇ, ಗೂಗಲ್‌ಪೇ ರಸೀದಿಯನ್ನೂ ಅಳಿಸಬೇಡಿ.

8. ಹೋಟೆಲಿಗೆ ಫೋನ್ ಮಾಡಿ, ಆಮೇಲೆ ದೂರು

ಮೊದಲು ಹೋಟೆಲಿನವರಿಗೇ ಹೇಳಿ. ಅದೇ ಹಂಡೆಯದ್ದು ಇನ್ನೂ ಮೂವತ್ತು ಮನೆಗೆ ಹೋಗುತ್ತಿರಬಹುದು, ಅದನ್ನು ನಿಲ್ಲಿಸುವುದು ಅವಸರದ ಕೆಲಸ. ಮಾಲೀಕರನ್ನೇ ಕೇಳಿ ಮಾತಾಡಿ, ತಂದ ಸಮಯ, ಏನು ಕಂಡಿತು ಅಷ್ಟು ಹೇಳಿ. "ನಾಯಿ ಮಾಂಸ ಹಾಕ್ತೀರಾ" ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ಜಗಳಕ್ಕೆ ತಿರುಗುತ್ತದೆ. ಪರೀಕ್ಷೆ ಆಗದೆ ಹೋಟೆಲಿನ ಹೆಸರು ಹಾಕಿ ವಾಟ್ಸಾಪ್ ಗುಂಪಿಗೆ ಬಿಡಲೇಬೇಡಿ.

ದೂರು ಕೊಡಬೇಕಾದ್ದು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ಕೊಡಬಹುದು, 1800112100ಕ್ಕೆ ಉಚಿತವಾಗಿ ಕರೆಯೂ ಮಾಡಬಹುದು. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ನಾವೇ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸಬಹುದು, ತಪ್ಪು ಸಾಬೀತಾದರೆ ಶುಲ್ಕ ವಾಪಸ್. ಕೇಳೋಕೆ ಚೆನ್ನಾಗಿದೆ, ಆದರೆ ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. "ಎರಡು ಬಿರಿಯಾನಿ ಪಾರ್ಸಲ್, ಒಂದು ತಿನ್ನೋಕೆ, ಒಂದು ಲ್ಯಾಬಿಗೆ" ಅಂತ ಯಾರಾದರೂ ಕೇಳ್ತಾರಾ? ಹಾಗಾಗಿ ಅಧಿಕಾರಿ ತಾವೇ ಹೋಟೆಲಿಗೆ ಹೋಗಿ ಸ್ಯಾಂಪಲ್ ತೆಗೆಯುವಂತೆ ಕೇಳುವುದೇ ನಡೆಯುವ ದಾರಿ. ಅವರು ತೆಗೆದದ್ದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಪ್ರಯೋಗಾಲಯಕ್ಕೆ ತಲುಪಿದ 14 ದಿನದೊಳಗೆ ವರದಿ ಕೊಡಬೇಕು ಅನ್ನೋದು ನಿಯಮ. ನಿಮ್ಮ ಡಬ್ಬಿಯ ತುಂಡು, ಫೋಟೊ, ಸಮಯ ಇವೆಲ್ಲ ಅಧಿಕಾರಿಗೆ ಏನು ಹುಡುಕಬೇಕು ಅಂತ ತೋರಿಸುತ್ತವೆ.

ಆಸ್ಪತ್ರೆ ಖರ್ಚು ಬಂದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಎರಡು ವರ್ಷದೊಳಗೆ ದೂರು ಹಾಕಬೇಕು, ನೀವು ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ (ಅಷ್ಟು ದುಬಾರಿ ಬಿರಿಯಾನಿ ಹಾಸನದಲ್ಲಿ ನಾನಿನ್ನೂ ಕಂಡಿಲ್ಲ), ವಕೀಲರೂ ಬೇಕಾಗಿಲ್ಲ. ಬೇಕಾಗಿರುವುದು ಬಿಲ್ಲು, ಫೋಟೊ, ಡಾಕ್ಟರ ಚೀಟಿ. ನಮ್ಮ ಹತ್ತಿರ ಇದ್ದಿದ್ದು ಒಂದು ಮೂಳೆ, ಅದನ್ನೂ ನಾನು ಮಟನ್ ಅಂಗಡಿಯ ಕಟ್ಟೆ ಮೇಲೇ ಮರೆತು ಬಂದಿದ್ದೆ.