ಸುರತ್ಕಲ್‌ನಲ್ಲಿ ಸೀಟು ಸಿಗ್ತದಾ? ನಾನು ಲೆಕ್ಕ ಹಾಕುವ ಕ್ರಮ

"ಜನವರಿ ಜೆಇಇಯಲ್ಲಿ 99 ಪರ್ಸೆಂಟೈಲ್ ಬಂದಿದೆ, ಎನ್‌ಐಟಿಕೆ ಸಿಗ್ತದಾ?" ಫೆಬ್ರವರಿ ಬಂತೆಂದರೆ ಮಂಗಳೂರಿನ ಪಿಯು ಕಾಲೇಜುಗಳಲ್ಲಿ ಹೆತ್ತವರು ಕೇಳುವುದು ಇದನ್ನೇ. ಜೆಇಇ ಮೇನ್ ಎಂದರೆ ಎಂಜಿನಿಯರಿಂಗ್‌ನ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ, ಎನ್‌ಐಟಿಕೆ ಎಂದರೆ ಸುರತ್ಕಲ್‌ನಲ್ಲಿರುವ ಕೇಂದ್ರದ ಎಂಜಿನಿಯರಿಂಗ್ ಕಾಲೇಜು (ಎನ್‌ಐಟಿ). ಪರ್ಸೆಂಟೈಲ್ ಎಂದರೆ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿಗಿಂತ ಮುಂದಿದ್ದಾರೆ ಎಂಬ ಅಂಕಿ. ಅದೊಂದನ್ನೇ ನೋಡಿ ನಾನು ಹೌದು, ಅಲ್ಲ ಎನ್ನುವುದಿಲ್ಲ. 2022ರಲ್ಲಿ ಜೆಇಇ ಮೇನ್ ಬರೆದವರು ಸುಮಾರು 9 ಲಕ್ಷ, 2024ರಲ್ಲಿ 14 ಲಕ್ಷ ದಾಟಿದರು. ಹಾಗಾಗಿ ಅದೇ 99 ಮೊದಲ ವರ್ಷ 9,000ದ ಆಸುಪಾಸಿನ ರ‍್ಯಾಂಕ್ ಆದರೆ, ಎರಡು ವರ್ಷ ಕಳೆದಾಗ 14,000ಕ್ಕೂ ಹಿಂದೆ. ಸೂತ್ರ ಸುಲಭ: 100ರಿಂದ ಪರ್ಸೆಂಟೈಲ್ ಕಳೆದು, ಬರೆದವರ ಸಂಖ್ಯೆಯಿಂದ ಗುಣಿಸಿ, 100ರಿಂದ ಭಾಗಿಸಬೇಕು. ಆದರೆ ಇದು ಸ್ವಲ್ಪ ಉದಾರ ಲೆಕ್ಕ. ಏಪ್ರಿಲ್‌ನಲ್ಲಿ ಮತ್ತೆ ಬರೆದವರ ಉತ್ತಮ ಅಂಕವೇ ಉಳಿಯುವುದರಿಂದ ನಿಜವಾದ ರ‍್ಯಾಂಕ್ ಇದಕ್ಕಿಂತ ಹಿಂದೆ ಬೀಳುವುದೇ ಹೆಚ್ಚು.

ರ‍್ಯಾಂಕ್ ಅಂದಾಜಾದ ಮೇಲೆ ಹುಡುಗ ಯಾವ ಸಾಲಿನಲ್ಲಿ ನಿಂತಿದ್ದಾನೆ ಎಂಬುದು ತೀರ್ಮಾನವಾಗಬೇಕು. ಎನ್‌ಐಟಿಗಳಲ್ಲಿ ಅರ್ಧ ಸೀಟು ಹೋಂ ಸ್ಟೇಟ್‌ಗೆ, ಅರ್ಧ ಹೊರ ರಾಜ್ಯದವರಿಗೆ. ಹೋಂ ಸ್ಟೇಟ್ ಎಂದರೆ ಹುಟ್ಟೂರಲ್ಲ, ಆಧಾರ್ ವಿಳಾಸವೂ ಅಲ್ಲ. ಹನ್ನೆರಡನೇ ತರಗತಿ ಪಾಸಾದ ರಾಜ್ಯ. ಉಡುಪಿಯ ಹುಡುಗ ರಾಜಸ್ಥಾನದ ಕೋಟಾದಲ್ಲಿ ಹನ್ನೆರಡನೆಯದು ಮುಗಿಸಿದರೆ ಸುರತ್ಕಲ್‌ನಲ್ಲಿ ಅವನು ಹೊರಗಿನವ. ಮಂಜೇಶ್ವರದಿಂದ ದಿನಾ ಬಸ್ಸಿನಲ್ಲಿ ಬಂದು ಮಂಗಳೂರಿನಲ್ಲಿ ದ್ವಿತೀಯ ಪಿಯು ಮುಗಿಸಿದವಳಿಗೆ ಕರ್ನಾಟಕದ ಪಾಲು ಸಿಗುತ್ತದೆ, ಕಲ್ಲಿಕೋಟೆ ಎನ್‌ಐಟಿಯಲ್ಲಿ ಕೇರಳದ ಪಾಲು ಹೋಗುತ್ತದೆ. ಗಲ್ಫ್‌ನಲ್ಲಿ ಓದಿದ ಭಾರತೀಯ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿರುವ ಖಾಯಂ ವಿಳಾಸ ನೋಡುತ್ತಾರೆ. ರಾಜ್ಯದ ಸಿಇಟಿಯ ನಿಯಮ ಬೇರೆಯೇ. ಎರಡನ್ನು ಬೆರೆಸಿದರೆ ಲೆಕ್ಕವೆಲ್ಲ ತಲೆಕೆಳಗು.

ಮೀಸಲಾತಿಯಲ್ಲೂ ಇದೇ ಗೊಂದಲ. 2ಎ, 3ಬಿ ಎಂಬ ರಾಜ್ಯದ ವರ್ಗಗಳೆಲ್ಲ ಸಿಇಟಿಗೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ಗೆ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಕೆನೆಪದರಕ್ಕೆ ಸೇರಿರಬಾರದು, ಸರ್ಟಿಫಿಕೇಟು ಕೇಂದ್ರದ ನಮೂನೆಯಲ್ಲೇ ಇರಬೇಕು, ದಿನಾಂಕ ಆ ವರ್ಷದ ಏಪ್ರಿಲ್ 1ರ ನಂತರದ್ದಾಗಿರಬೇಕು. ತಾಲೂಕು ಕಚೇರಿಯಲ್ಲಿ "ಕೇಂದ್ರ ಸರ್ಕಾರದ ಉದ್ದೇಶಕ್ಕೆ" ಎಂದು ಬಾಯಿಬಿಟ್ಟು ಹೇಳದಿದ್ದರೆ ರಾಜ್ಯದ ನಮೂನೆಯೇ ಕೈಗೆ ಬರಬಹುದು.

ಈಗ ಕಟಾಫ್. ಜೋಸಾ ಜಾಲತಾಣದಲ್ಲಿ ಹಿಂದಿನ ವರ್ಷಗಳ ಓಪನಿಂಗ್, ಕ್ಲೋಸಿಂಗ್ (ಸೀಟು ಪಡೆದ ಮೊದಲನೆಯವರ, ಕೊನೆಯವರ) ರ‍್ಯಾಂಕ್ ಸಿಗುತ್ತವೆ. ನಾನು ಮೂರು ವರ್ಷದ ಕೊನೆಯ ಸುತ್ತಿನ ಕ್ಲೋಸಿಂಗ್ ರ‍್ಯಾಂಕ್ ಮಾತ್ರ ಬರೆದುಕೊಳ್ಳುತ್ತೇನೆ. ಮೊದಲ ಸುತ್ತಿನದು ಬಿಗಿ. ಮಕ್ಕಳು ಬೇರೆ ಕಡೆ ಸೀಟು ಹಿಡಿದು ಇಲ್ಲಿಯದನ್ನು ಬಿಟ್ಟಂತೆ ಸಡಿಲವಾಗುತ್ತದೆ. ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ) ಸಾಲಿನಲ್ಲಿ ಕಾಣುವುದು ಆಯಾ ವರ್ಗದೊಳಗಿನ ರ‍್ಯಾಂಕ್. ಅದನ್ನು ಸಾಮಾನ್ಯ ರ‍್ಯಾಂಕಿನ ಜೊತೆ ಹೋಲಿಸಿ ಕಂಗಾಲಾಗುವವರು ಪ್ರತಿ ವರ್ಷ ಇದ್ದಾರೆ.

ಒಂದು ಬ್ರಾಂಚಿನಲ್ಲಿ 60 ಸೀಟು ಅಂದುಕೊಳ್ಳಿ. ಹೋಂ ಸ್ಟೇಟ್‌ಗೆ 30. ಅದರಲ್ಲಿ ಓಪನ್ 40.5%, ಅಂದರೆ 12, ಒಬಿಸಿ 8, ಎಸ್‌ಸಿ ನಾಲ್ಕೈದು, ಇಡಬ್ಲ್ಯೂಎಸ್ 3, ಎಸ್‌ಟಿ ಬರೇ ಎರಡು. ಹುಡುಗಿಯರ ಸಾಲು ಮತ್ತೆ ಬೇರೆ. ಎರಡೇ ಸೀಟಿರುವಲ್ಲಿ ಒಬ್ಬ ವಿದ್ಯಾರ್ಥಿ ಬೇರೆ ಬ್ರಾಂಚಿಗೆ ಹೋದರೂ ಕ್ಲೋಸಿಂಗ್ ರ‍್ಯಾಂಕ್ ಎಲ್ಲಿಂದೆಲ್ಲಿಗೋ ಜಿಗಿಯುತ್ತದೆ. ಇಂಥ ಸಾಲಿಗೆ ಹಿಂದಿನ ವರ್ಷದ ಒಂದೇ ಅಂಕಿ ಹಿಡಿದು ಮಾತು ಕೊಡುವುದು ಕವಡೆ ಹಾಕಿದ ಹಾಗೆ.

ಮೂರು ವರ್ಷದ ಅಂಕಿ 8,000, 9,400, 8,700 ಎಂದಿಟ್ಟುಕೊಳ್ಳಿ. ರ‍್ಯಾಂಕ್ 7,200ರ ಒಳಗಿದ್ದರೆ, ಅಂದರೆ ಅತಿ ಬಿಗಿಯಾದ ವರ್ಷಕ್ಕಿಂತ 10% ಮುಂದಿದ್ದರೆ, "ಗಟ್ಟಿ" ಎಂದು ಬರೆಯುತ್ತೇನೆ. ಅಲ್ಲಿಂದ 9,400ರವರೆಗೆ "ಅತ್ತಿತ್ತ". ಅದನ್ನು ದಾಟಿ ಇನ್ನೂ 15%ವರೆಗೆ "ಆಸೆ". ಈ 10, 15 ನನ್ನ ಅಳತೆ. ಸೀಟು ಕಡಿಮೆ ಇರುವ ಸಾಲಿಗೆ ಎರಡನ್ನೂ ಹಿಗ್ಗಿಸುತ್ತೇನೆ. ಹೊಸ ಬ್ರಾಂಚಿಗೆ ಮೂರು ವರ್ಷದ ಅಂಕಿ ಇಲ್ಲದಿದ್ದರೆ "ಗಟ್ಟಿ" ಎಂದು ಬರೆಯುವುದೇ ಇಲ್ಲ. ಶೇಕಡಾವಾರು ಸಾಧ್ಯತೆಯನ್ನೂ ಹೇಳುವುದಿಲ್ಲ. "72% ಚಾನ್ಸ್" ಎಂದು ತೋರಿಸುವ ಆ್ಯಪ್‌ಗಳ ಮೇಲೆ ನನಗೆ ನಂಬಿಕೆಯಿಲ್ಲ.

ಆಯ್ಕೆ ಪಟ್ಟಿ ತುಂಬುವಾಗ ಮಾತ್ರ ಈ ಗುರುತುಗಳನ್ನು ಮರೆತುಬಿಡಬೇಕು. ಕ್ರಮ ಇಷ್ಟದ ಪ್ರಕಾರವೇ ಇರಲಿ. "ಆಸೆ"ಯ ಬ್ರಾಂಚನ್ನು ಮೊದಲು ಹಾಕಿದ್ದರಿಂದ ಕೆಳಗಿನ "ಗಟ್ಟಿ" ಸೀಟು ಕೈ ತಪ್ಪುವುದಿಲ್ಲ. ಮೇಲಿನದು ಸಿಗದಿದ್ದರೆ ಮುಂದಿನದಕ್ಕೂ ಅದೇ ರ‍್ಯಾಂಕಿನಲ್ಲಿ ನೋಡುತ್ತಾರೆ. ಪಟ್ಟಿಯ ಬುಡದಲ್ಲಿ ನಾಲ್ಕೈದು "ಗಟ್ಟಿ" ಇದ್ದೇ ಇರಬೇಕು. ನಿಜವಾದ ಹಂಚಿಕೆಗೆ ಮುನ್ನ ತೋರಿಸುವ ಅಣಕು ಹಂಚಿಕೆಯಲ್ಲಿ ಸೀಟು ಕಂಡಿತೆಂದು ಪಟ್ಟಿ ಮೊಟಕು ಮಾಡಬೇಡಿ. ಆಗ ಎಷ್ಟೋ ಜನ ಆಯ್ಕೆ ತುಂಬಿಯೇ ಇರುವುದಿಲ್ಲ.

ಸೀಟು ಬಂದ ಮೇಲೆ ಬೇರೆ ಕಾಲೇಜಾದರೂ ಮೇಲಿನ ಆಯ್ಕೆ ಬೇಕೆಂದರೆ ಫ್ಲೋಟ್, ಇದೇ ಕಾಲೇಜಿನಲ್ಲಿ ಮೇಲಿನ ಬ್ರಾಂಚ್ ಸಾಕೆಂದರೆ ಸ್ಲೈಡ್, ಇಷ್ಟೇ ಸಾಕೆಂದರೆ ಫ್ರೀಜ್. ಫ್ಲೋಟ್‌ನಲ್ಲಿ ಮೇಲಿನದು ಸಿಕ್ಕಿದ ಕ್ಷಣವೇ ಹಳೆಯ ಸೀಟು ಹೋಯಿತು, ವಾಪಸ್ ಕೇಳುವಂತಿಲ್ಲ. ಮನೆಗೆ ಹತ್ತಿರವೆಂದು ಸುರತ್ಕಲ್ ಬೇಕಾದವರು ತಿರುಚ್ಚಿ, ವಾರಂಗಲ್ ಎನ್‌ಐಟಿ‌ಗಳನ್ನು ಪಟ್ಟಿಯಲ್ಲಿ ಅದರ ಮೇಲೆ ಬರೆಯಲೇಬಾರದು.

ಹನ್ನೆರಡನೆಯದರಲ್ಲಿ 75% ಇಲ್ಲವೇ ಬೋರ್ಡಿನ ಮೇಲಿನ 20 ಪರ್ಸೆಂಟೈಲ್ ಒಳಗೆ ಬಂದಿರಬೇಕು ಎಂಬ ಷರತ್ತೂ ಇದೆ. ಎಸ್‌ಸಿ, ಎಸ್‌ಟಿಯವರಿಗೆ 65%. ಜೆಇಇ ಗುಂಗಿನಲ್ಲಿ ಕನ್ನಡ, ಇಂಗ್ಲಿಷ್ ಪುಸ್ತಕ ಮುಟ್ಟದ ಮಕ್ಕಳ ಅಂಕಪಟ್ಟಿಯನ್ನು ನಾನು ರ‍್ಯಾಂಕಿಗಿಂತ ಮೊದಲು ಕೇಳುತ್ತೇನೆ.