ಹೊಸ ಕ್ಯಾಮೆರಾ ಕೊಳ್ಳುವ ಮುನ್ನ: ಪ್ರಾಯೋಜಿತ ವಿಮರ್ಶೆಯನ್ನು ಜರಡಿ ಹಿಡಿಯುವುದು ಹೇಗೆ?

ಲಗ್ನಸರಾಯಿ ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಫೋಟೋ ಸ್ಟುಡಿಯೋಗಳಲ್ಲಿ ಒಂದೇ ಪ್ರಶ್ನೆ: "ಅಣ್ಣಾ, ಈ ಸಲ ಯಾವ ಬಾಡಿ ತಗೊಂಡ್ರ ಛಲೋ?" ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ. ಉತ್ತರ ಹುಡುಕಲು ಹೆಚ್ಚಿನವರು ಯೂಟ್ಯೂಬ್ ತೆರೆಯುತ್ತಾರೆ. ಅಲ್ಲಿ ಮಾತಾಡುವವರಿಗೆ ಆ ಕ್ಯಾಮೆರಾ ಪುಕ್ಕಟೆ ಬಂದಿರಬಹುದು. ಕೇಳಿಸಿಕೊಳ್ಳುವ ಹುಡುಗ ಮಾತ್ರ ಅದನ್ನು ಸಾಲ ಮಾಡಿ, ಕಂತು ಕಟ್ಟುತ್ತಾ ಕೊಳ್ಳುತ್ತಾನೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಫೋಕಸ್ ತಪ್ಪಿದರೆ ಬೀಗರ ಮುಂದೆ ಉತ್ತರ ಹೇಳಬೇಕಾದವನೂ ಅವನೇ. ಆದ್ದರಿಂದ ವಿಮರ್ಶೆ ನೋಡುವುದನ್ನೂ ಒಂದು ಕೆಲಸದಂತೆ ಕಲಿಯಬೇಕು.

ಮೊದಲು ಆರ್ಡರ್ ಪುಸ್ತಕ ತೆಗೆಯಿರಿ

ವಿಡಿಯೋ ಆಮೇಲೆ. ಕಳೆದ ವರ್ಷ ಲಗ್ನ ಎಷ್ಟು, ಕುಬಸ-ತೊಟ್ಟಿಲು ಎಷ್ಟು, ಶಾಲೆಯ ಗ್ಯಾದರಿಂಗ್ ಎಷ್ಟು, ಬರೀ ವಿಡಿಯೋ ಕೆಲಸ ಎಷ್ಟು ಎಂದು ಎಣಿಸಿ. ಹಳೆಯ ಕ್ಯಾಮೆರಾ ಯಾವ ಕೆಲಸದಲ್ಲಿ ಕೈಕೊಟ್ಟಿತು ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಕತ್ತಲಲ್ಲಿ ಫೋಕಸ್ ಹಿಡಿಯಲಿಲ್ಲವೇ, ಬ್ಯಾಟರಿ ಸಾಲಲಿಲ್ಲವೇ, ಕಾರ್ಡ್ ಕೆಟ್ಟು ಫೋಟೋ ಹೋದವೇ? ಕಾರ್ಡ್ ಕೆಟ್ಟ ಅನುಭವವಿದ್ದರೆ ಎರಡು ಕಾರ್ಡ್ ಹಾಕಿ ಎರಡರಲ್ಲೂ ಒಟ್ಟಿಗೆ ಉಳಿಸುವ ಬಾಡಿ ಬೇಕು. ಉಳಿದದ್ದೆಲ್ಲ ಅದರ ನಂತರ. ಈ ಪಟ್ಟಿಯಲ್ಲಿ ಇಲ್ಲದ ಗುಣಕ್ಕೆ ದುಡ್ಡು ಕೊಡಬೇಡಿ.

ಮೆಗಾಪಿಕ್ಸೆಲ್ ಲೆಕ್ಕವನ್ನೂ ಇಲ್ಲೇ ಮುಗಿಸಿಬಿಡಿ. 24 ಮೆಗಾಪಿಕ್ಸೆಲ್ ಅಂದರೆ ಸುಮಾರು 6000×4000 ಚುಕ್ಕೆ. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ 20 ಇಂಚು ಅಗಲ, 13 ಇಂಚು ಎತ್ತರದ ಫೋಟೋ ಬರುತ್ತದೆ. 12×36 ಇಂಚಿನ ಆಲ್ಬಂ ಹಾಳೆಯಲ್ಲಿ ಹೆಚ್ಚಾಗಿ ನಾಲ್ಕಾರು ಫೋಟೋ ಕೂರಿಸುತ್ತೇವೆ, ಅದಕ್ಕೆ ಇಷ್ಟು ಧಾರಾಳವಾಯಿತು. ಇನ್ನು ಫುಲ್ ಎಚ್‌ಡಿ ವಿಡಿಯೋದ ಒಂದು ಚೌಕಟ್ಟಿನಲ್ಲಿ ಇರುವುದೇ ಸುಮಾರು 20 ಲಕ್ಷ ಪಿಕ್ಸೆಲ್, ಅಂದರೆ 2 ಮೆಗಾಪಿಕ್ಸೆಲ್. ಮೊಬೈಲಿನಲ್ಲಿ ವಿಮರ್ಶೆ ನೋಡುತ್ತಾ 24ಕ್ಕೂ 45ಕ್ಕೂ ವ್ಯತ್ಯಾಸ ಕಂಡಿತು ಎಂದರೆ ಅದು ಕಣ್ಣಿಗೆ ಕಂಡದ್ದಲ್ಲ, ಕಿವಿಗೆ ಬಿದ್ದದ್ದು.

ಸುರಪುರದ ಬೋನಾಳ ಪಕ್ಷಿಧಾಮಕ್ಕೆ ಹೋಗುವ ಹವ್ಯಾಸಿಗಳ ಲೆಕ್ಕ ಬೇರೆ. ಅವರಿಗೆ ಉದ್ದ ಲೆನ್ಸ್ ಮುಖ್ಯ. ಬೆಳಕು ಹಿಡಿಯುವ ಸೆನ್ಸರ್ ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟಿದ್ದರೆ ಫುಲ್ ಫ್ರೇಮ್, ಅದಕ್ಕಿಂತ ಚಿಕ್ಕದೊಂದು ಅಳತೆ ಎಪಿಎಸ್-ಸಿ. ಎಪಿಎಸ್-ಸಿ ಸೆನ್ಸರಿನ ನಿಕಾನ್, ಸೋನಿ, ಫ್ಯೂಜಿ ಬಾಡಿಗಳಲ್ಲಿ 400 ಮಿ.ಮೀ. ಲೆನ್ಸ್ ಫುಲ್ ಫ್ರೇಮಿನ 600ರಷ್ಟು ಹತ್ತಿರ ತೋರಿಸುತ್ತದೆ. "ಫುಲ್ ಫ್ರೇಮ್ ಇಲ್ಲದಿದ್ದರೆ ವೃತ್ತಿಪರರಲ್ಲ" ಎಂಬ ಮಾತು ಅವರ ಜೇಬಿಗೆ ನೇರ ನಷ್ಟ.

ದುಡ್ಡು ಯಾರದು ಎಂದು ಹುಡುಕಿ

ಪ್ರಾಯೋಜಿತ ವಿಮರ್ಶೆಗಳೆಲ್ಲ ಸುಳ್ಳಲ್ಲ. ಆದರೆ ಗಂಡಿನ ಕಡೆಯವರೇ ಗಂಡಿನ ಗುಣ ಹೇಳಿದಂತೆ ಅದು. ಕೇಳಬಹುದು, ಹೇಳುತ್ತಿರುವವರು ಯಾರ ಕಡೆಯವರು ಎಂದು ಗೊತ್ತಿರಬೇಕು. ಗೊತ್ತಾಗದ ಹಾಗೆ ಹೇಳುವುದು ಮೋಸ.

ನಂಟಿನಲ್ಲಿ ಹಲವು ಬಗೆ. ಕಂಪನಿ ನೇರ ಹಣ ಕೊಟ್ಟು ಮಾಡಿಸುವುದು ಒಂದು. ಕ್ಯಾಮೆರಾ ಕೊಟ್ಟು ವಾಪಸ್ ಕೇಳದಿರುವುದು ಇನ್ನೊಂದು. ಕೆಲವು ವಾರಕ್ಕೆ ಎರವಲು ಕೊಟ್ಟು ಮರಳಿ ಪಡೆಯುವುದು ಇವುಗಳಿಗಿಂತ ಹಗುರ. ಆದರೂ ಕಟುವಾಗಿ ಬರೆದರೆ ಮುಂದಿನ ಮಾಡೆಲ್ ಕೈಗೆ ಬರುವುದಿಲ್ಲ ಎಂಬ ಅಂಜಿಕೆ ವಿಮರ್ಶಕರ ಮನಸ್ಸಿನಲ್ಲಿ ಇರುತ್ತದೆ. ಬಿಡುಗಡೆಗೆ ಮುಂಚೆ ವಿಮಾನ, ಹೋಟೆಲ್ ಖರ್ಚು ಹಾಕಿ ಕರೆದೊಯ್ದು, ಕಂಪನಿಯೇ ಹೊಂದಿಸಿದ ಬೆಳಕಿನಲ್ಲಿ ಕಂಪನಿಯೇ ಕರೆಸಿದ ರೂಪದರ್ಶಿಯ ಫೋಟೋ ತೆಗೆಸುವುದುಂಟು. ಒಂದೇ ದಿನ, ಒಂದೇ ಗಂಟೆಗೆ ಹತ್ತಾರು ಚಾನೆಲ್‌ಗಳಲ್ಲಿ ಒಂದೇ ಕ್ಯಾಮೆರಾದ ವಿಡಿಯೋ ಬಂದರೆ, ಇಂಥ ಹೊತ್ತಿನ ತನಕ ಬಾಯಿಬಿಡಬಾರದು ಎಂಬ ಕಂಪನಿಯ ಷರತ್ತು ಅಲ್ಲಿತ್ತೆಂದೇ ತಿಳಿಯಿರಿ. ಅಂಥ ವಿಡಿಯೋಗಳ ಕ್ಯಾಮೆರಾ ಎಷ್ಟೋ ಸಲ ಮಾರಾಟಕ್ಕೆ ಸಿದ್ಧವಾದ ಅಂತಿಮ ರೂಪದ್ದೂ ಆಗಿರುವುದಿಲ್ಲ.

ಹೆಚ್ಚು ಜನರ ಕಣ್ಣು ತಪ್ಪುವುದು ಅಫಿಲಿಯೇಟ್ ಲಿಂಕ್. ವಿಡಿಯೋದ ಕೆಳಗಿರುವ ಕೊಂಡಿ ಒತ್ತಿ ನೀವು ಕೊಂಡರೆ ವಿಮರ್ಶಕರಿಗೆ ಕಮಿಷನ್ ಸೇರುತ್ತದೆ. ಯಾವ ಬ್ರ್ಯಾಂಡ್ ಕೊಂಡರೂ ಬರುವ ಕಮಿಷನ್ ಅದು, ಹಾಗಾಗಿ ಪಕ್ಷಪಾತ ಬ್ರ್ಯಾಂಡಿನ ಕಡೆಗಿಂತ 'ಕೊಳ್ಳುವುದರ' ಕಡೆ ವಾಲುತ್ತದೆ. "ನಿಮ್ಮ ಹಳೆಯ ಕ್ಯಾಮೆರಾ ಇನ್ನೂ ಎರಡು ವರ್ಷ ನಡೆಯುತ್ತದೆ, ಸುಮ್ಮನಿರಿ" ಎಂದು ಹೇಳುವ ವಿಮರ್ಶೆ ಅಪರೂಪವಾಗಲು ಇದೂ ಕಾರಣ. ಹಾಗೆ ಹೇಳುವವರು ಸಿಕ್ಕರೆ ಅವರ ಉಳಿದ ಮಾತನ್ನೂ ಗಮನವಿಟ್ಟು ಕೇಳಿ.

ಪತ್ತೆ ಮಾಡುವುದು ಹೀಗೆ: ವಿಡಿಯೋದ ಮೊದಲ ಹತ್ತು ಸೆಕೆಂಡ್ ಮೂಲೆಯನ್ನು ಗಮನಿಸಿ, ಹಣ ಪಡೆದದ್ದನ್ನು ಚಾನೆಲ್‌ನವರು ಯೂಟ್ಯೂಬಿಗೆ ತಿಳಿಸಿದ್ದರೆ 'ಇನ್‌ಕ್ಲೂಡ್ಸ್ ಪೇಯ್ಡ್ ಪ್ರಮೋಷನ್' ಎಂಬ ಸೂಚನೆ ಅಲ್ಲಿ ಕಾಣುತ್ತದೆ. ಡಿಸ್ಕ್ರಿಪ್ಷನ್ನನ್ನು ಕೊನೆಯ ಸಾಲಿನವರೆಗೆ ಬಿಡಿಸಿ ಓದಿ. ಆಮೇಲೆ ಅದೇ ಚಾನೆಲಿನ ಹಳೆಯ ವಿಡಿಯೋಗಳಿಗೆ ಹೋಗಿ, ಆ ಬ್ರ್ಯಾಂಡಿನ ಒಂದಾದರೂ ವಸ್ತುವನ್ನು ಬೇಡ ಎಂದಿದ್ದಾರೆಯೇ ನೋಡಿ. ಮೂರು ವರ್ಷದಲ್ಲಿ ಬಂದದ್ದೆಲ್ಲವೂ 'ಬೆಂಕಿ' ಆಗಿದ್ದರೆ ಅದು ವಿಮರ್ಶೆಯಲ್ಲ. ಕೊಂಡು ಆರು ತಿಂಗಳು ದುಡಿಸಿದ ಮೇಲೆ ಮಾಡಿದ ವಿಡಿಯೋಗಳನ್ನು ಹುಡುಕಿ. ಬಿಡುಗಡೆಯ ವಾರದ ವಿಡಿಯೋಕ್ಕಿಂತ ಅವೇ ಬೆಲೆಬಾಳುತ್ತವೆ.

ಬ್ರ್ಯಾಂಡ್ ನಿಷ್ಠೆ: ಎಲ್ಲಿ ಸರಿ, ಎಲ್ಲಿ ನಷ್ಟ

"ನಮ್ಮದು ನಿಕಾನ್ ಮನಿ" ಎನ್ನುವ ಸ್ಟುಡಿಯೋಗಳಿವೆ, ಅಪ್ಪನ ಕಾಲದಿಂದ ಕ್ಯಾನನ್ ಬಿಡದವರೂ ಇದ್ದಾರೆ. ಇದನ್ನು ಬರೀ ಅಭಿಮಾನ ಎಂದು ತಳ್ಳಿಹಾಕುವುದು ತಪ್ಪು. ಲೆನ್ಸ್ ಕೂರುವ ಬಾಯಿ, ಅಂದರೆ ಮೌಂಟ್, ಹೆಚ್ಚಾಗಿ ಒಂದೊಂದು ಕಂಪನಿಗೆ ಒಂದೊಂದು ಥರ. ಬ್ರ್ಯಾಂಡ್ ಬದಲಿಸಿದರೆ ಲೆನ್ಸ್, ಫ್ಲ್ಯಾಶ್, ಬ್ಯಾಟರಿ ಎಲ್ಲ ಬದಲಿಸಬೇಕು. ಜೊತೆಗೆ, ಒಂದೇ ಮುಹೂರ್ತಕ್ಕೆ ಮೂರು ಲಗ್ನ ಬಂದ ದಿನ ಪಕ್ಕದ ಸ್ಟುಡಿಯೋದ ಗೆಳೆಯನಿಂದ ಲೆನ್ಸ್ ತರಬೇಕೆಂದರೆ ಇಬ್ಬರದೂ ಒಂದೇ ಮೌಂಟ್ ಇರಬೇಕು. ನನ್ನ ಮಟ್ಟಿಗೆ, ಸಣ್ಣ ಊರಿನಲ್ಲಿ ಬ್ರ್ಯಾಂಡ್ ಆಯ್ಕೆಗೆ ಇದಕ್ಕಿಂತ ಬಲವಾದ ಕಾರಣವಿಲ್ಲ.

ಆದರೆ ನಾವು ಕಂಪನಿಗೆ ನಿಷ್ಠರಾದಷ್ಟು ಕಂಪನಿ ನಮಗೆ ನಿಷ್ಠವಾಗಿರುವುದಿಲ್ಲ. ಕ್ಯಾನನ್ 1987ರಲ್ಲಿ ಎಫ್‌ಡಿ ಮೌಂಟ್ ಕೈಬಿಟ್ಟು ಇಎಫ್ ತಂದಿತು. ಹಳೆಯ ಲೆನ್ಸ್‌ಗಳು ಹೊಸ ಬಾಡಿಗೆ ಕೂರಲಿಲ್ಲ. ಅದೇ ಕಂಪನಿ 2012ರಲ್ಲಿ ತಂದ ಇಎಫ್-ಎಂ ಮೌಂಟ್ 2023ರ ಹೊತ್ತಿಗೆ ನಿಂತೇಹೋಯಿತು. ನಿಕಾನ್ 1959ರ ಎಫ್ ಮೌಂಟನ್ನು ದಶಕಗಟ್ಟಲೆ ಉಳಿಸಿಕೊಂಡು 2018ರಲ್ಲಿ ಝಡ್ ಮೌಂಟಿಗೆ ಹೊರಳಿತು. ಒಲಿಂಪಸ್ ಕ್ಯಾಮೆರಾ ವ್ಯವಹಾರವೇ 2021ರಲ್ಲಿ ಬೇರೆಯವರ ಕೈ ಸೇರಿತು.

ಹಳೆಯ ಲೆನ್ಸ್ ಇಟ್ಟುಕೊಂಡು ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾ) ಕೊಳ್ಳುವವರು ಅಡಾಪ್ಟರ್ ಬಗ್ಗೆ ಒಂದು ಮಾತು ಕೇಳಲೇಬೇಕು. ಎಫ್ ಮೌಂಟಿನ ಲೆನ್ಸನ್ನು ಝಡ್ ಬಾಡಿಗೆ ಕೂರಿಸುವ ನಿಕಾನಿನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಒಳಗೇ ಮೋಟಾರ್ ಇರುವ ಎಎಫ್-ಎಸ್ ಲೆನ್ಸ್‌ಗಳು ಆಟೋಫೋಕಸ್ ಮಾಡುತ್ತವೆ. ಹಳೆಯ ಎಎಫ್-ಡಿ ಲೆನ್ಸ್‌ಗಳನ್ನು ಕೈಯಿಂದಲೇ ಫೋಕಸ್ ಮಾಡಬೇಕು. "ಅಡಾಪ್ಟರ್ ಹಾಕಿದರೆ ಎಲ್ಲ ನಡೆಯುತ್ತದೆ" ಎಂಬ ಮಾತು ನಂಬಿ 50 ಮಿ.ಮೀ. ಹಳೆಯ ಲೆನ್ಸ್‌ನೊಂದಿಗೆ ಲಗ್ನಕ್ಕೆ ಇಳಿದರೆ ಕಷ್ಟ.

ಇನ್ನು "ಕ್ಯಾನನ್ ಸ್ಕಿನ್ ಟೋನ್", "ಸೋನಿ ಹಳದಿ" ಎಂಬ ಮಾತು, ಅಂದರೆ ಕ್ಯಾನನ್‌ನಲ್ಲಿ ಮೈಬಣ್ಣ ಚೆಂದ, ಸೋನಿಯಲ್ಲಿ ಹಳದಿ ಎಂಬ ನಂಬಿಕೆ. ಇದನ್ನು ಪರೀಕ್ಷಿಸಲು ಹೆಸರು ಮುಚ್ಚಿ ನೋಡಿ. ಎರಡು ಕ್ಯಾಮೆರಾದಲ್ಲಿ ಒಂದೇ ಬೆಳಕು, ಒಂದೇ ಮುಖ, ರಾ ಫೈಲ್ (ಕ್ಯಾಮೆರಾ ತಾನೇ ಬಣ್ಣ ತಿದ್ದುವ ಮೊದಲಿನ ಕಚ್ಚಾ ಚಿತ್ರ). ಬಿಳಿ ಎರಡರಲ್ಲೂ ಬಿಳಿಯಾಗಿಯೇ ಕಾಣುವಂತೆ ವೈಟ್ ಬ್ಯಾಲೆನ್ಸ್ ಸಮ ಮಾಡಿ ಮುದ್ರಿಸಿ, ಹಿಂದೆ ಗುರುತು ಹಾಕಿ, ಸ್ಟುಡಿಯೋದವರ ಮುಂದಿಡಿ. ಅಲ್ಲಿ ಗುರುತಿಸಲಾಗದ ವ್ಯತ್ಯಾಸಕ್ಕೆ ಸಾವಿರಾರು ರೂಪಾಯಿ ಸುರಿಯುವುದು ಬೇಡ. ಪರೀಕ್ಷೆಗೆ ನಮ್ಮ ಜನರ ಮುಖವನ್ನೇ ತೆಗೆದುಕೊಳ್ಳಿ, ಬಿಸಿಲಲ್ಲಿ ದುಡಿದ ಎಣ್ಣೆಗಪ್ಪು ಬಣ್ಣದವರೂ ಇರಲಿ. ಹೊರದೇಶದ ವಿಮರ್ಶೆಗಳಲ್ಲಿ ಅಂಥ ಮುಖಗಳು ಕಾಣುವುದು ಕಡಿಮೆ.

ನಮ್ಮ ಬಿಸಿಲು, ನಮ್ಮ ಕತ್ತಲು, ನಮ್ಮ ಧೂಳಿನಲ್ಲಿ ಪರೀಕ್ಷಿಸಿ

ಕೊಳ್ಳುವ ಮೊದಲು ಆ ಬಾಡಿಯನ್ನು ಒಂದು ದಿನ ಬಾಡಿಗೆಗೆ ತನ್ನಿ. ವಿಮರ್ಶೆ ಹೇಳದ ಸಂಗತಿಗಳು ಆ ದಿನ ಗೊತ್ತಾಗುತ್ತವೆ.

ಹೆಚ್ಚಿನ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣಾಂಶ 0ರಿಂದ 40 ಡಿಗ್ರಿ ಎಂದಿರುತ್ತದೆ. ಕಲಬುರಗಿಯಲ್ಲಿ ಏಪ್ರಿಲ್-ಮೇ ಬಿಸಿಲು 40 ದಾಟುವುದು ಮಾಮೂಲು, ಲಗ್ನಗಳು ಇರುವುದೂ ಆಗಲೇ. 2020ರಲ್ಲಿ ಬಂದ ಕ್ಯಾನನ್ ಆರ್5ಗೆ 8ಕೆ ಚಿತ್ರೀಕರಣದ ಮಿತಿ 20 ನಿಮಿಷ ಎಂದು ಕಂಪನಿಯೇ ಹೇಳಿತ್ತು, ಅದೂ 23 ಡಿಗ್ರಿಯ ಕೋಣೆಯಲ್ಲಿ. ಏಸಿ ಸ್ಟುಡಿಯೋದಲ್ಲಿ ಕುಳಿತು "ಓವರ್‌ಹೀಟ್ ಆಗಲಿಲ್ಲ" ಎಂದವರ ಮಾತು ನಮ್ಮೂರ ಮೆರವಣಿಗೆಗೆ ಅನ್ವಯಿಸುವುದಿಲ್ಲ. ಮಧ್ಯಾಹ್ನ ಬಯಲಿನಲ್ಲಿ ಟ್ರೈಪಾಡಿಗೇರಿಸಿ, ನೀವು ದಿನವೂ ಬಳಸುವ ಸೆಟ್ಟಿಂಗಿನಲ್ಲಿ 4ಕೆ ಓಡಿಸಿ, ಯಾವಾಗ ನಿಲ್ಲುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.

ಸಂಜೆ ಫಂಕ್ಷನ್ ಹಾಲಿಗೆ ಹೋಗಿ. ನಮ್ಮ ಕರೆಂಟು 50 ಹರ್ಟ್ಸಿನದು, ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ತೆಗೆದರೆ ಫೋಟೋದ ಮೇಲೆ ಅಡ್ಡಪಟ್ಟಿ ಬೀಳುವುದು ಇದರಿಂದಲೇ. ಮೆಕ್ಯಾನಿಕಲ್ ಶಟರ್, 1/50 ಅಥವಾ 1/100 ಸೆಕೆಂಡ್ ಇಟ್ಟು ಹೋಲಿಸಿ.

ಕಪ್ಪು-ಬಿಳುಪಿನ ಪರೀಕ್ಷೆಗೆ ಬೀದರಿನವರ ಮನೆಯಲ್ಲೇ ಒಳ್ಳೆಯ ಸಾಧನವಿದೆ: ಬಿದ್ರಿ ಹೂದಾನಿ. ಸತು-ತಾಮ್ರದ ಮಿಶ್ರಲೋಹ, ಮಂಕು ಕಪ್ಪು ಮೈ, ಅದರ ಮೇಲೆ ಬೆಳ್ಳಿಯ ತಂತಿ. ಕ್ಯಾಮೆರಾದ ಮೀಟರ್ ಎಲ್ಲವನ್ನೂ ನಡುಮಟ್ಟದ ಬೂದು ಎಂದುಕೊಂಡೇ ಅಳೆಯುತ್ತದೆ. ಹಾಗಾಗಿ ಹೂದಾನಿಯನ್ನು ಚೌಕಟ್ಟಿನ ತುಂಬ ಹಿಡಿದು ಆಟೋದಲ್ಲಿ ತೆಗೆದರೆ ಕಪ್ಪು ಬೂದಾಗುತ್ತದೆ, ಬೆಳ್ಳಿ ಸುಟ್ಟು ಬೆಳ್ಳಗಾಗುತ್ತದೆ. ಎಕ್ಸ್‌ಪೋಷರನ್ನು ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಇಳಿಸಿ, ರಾ ಫೈಲಿನಲ್ಲಿ ನೆರಳನ್ನು ಮೇಲೆತ್ತಿ ನೋಡಿ. ಕಪ್ಪಿನಲ್ಲಿ ಬಣ್ಣದ ಕಾಳು ಏಳುತ್ತವೆಯೇ, ಬೆಳ್ಳಿಯ ಗೆರೆ ಉಳಿದಿದೆಯೇ? ಕಪ್ಪು ಕೋಟಿನ ಪಕ್ಕ ಜರಿ ಸೀರೆ ನಿಂತಾಗ ಈ ಕ್ಯಾಮೆರಾ ಏನು ಮಾಡುತ್ತದೆ ಎಂಬುದಕ್ಕೆ ಅದೇ ಉತ್ತರ.

ಸ್ಮಾರಕಗಳ ಫೋಟೋ ತೆಗೆಯುವವರು ಕಲಬುರಗಿ ಕೋಟೆಯ ಜಾಮಿ ಮಸೀದಿಗೆ ಹೋಗಬಹುದು. 1367ರ ಆ ಕಟ್ಟಡಕ್ಕೆ ತೆರೆದ ಅಂಗಳವಿಲ್ಲ, ಪೂರ್ತಿ ಮಾಡು. ಒಳಗೆ ಕಮಾನಿನ ಮೇಲೆ ಕಮಾನು, ಮಂದ ಬೆಳಕು. ಪುರಾತತ್ವ ಸರ್ವೇಕ್ಷಣ ಇಲಾಖೆಯ ತಾಣಗಳಲ್ಲಿ ಟ್ರೈಪಾಡಿಗೆ ಅನುಮತಿ ಬೇಕು, ಆದ್ದರಿಂದ ಕೈನಡುಕ ತಡೆಯುವ ಸ್ಟೆಬಿಲೈಸೇಷನ್ ಎಷ್ಟರ ಮಟ್ಟಿಗೆ ನಿಜ ಎಂಬುದು ಅಲ್ಲಿ ಬಯಲಾಗುತ್ತದೆ. ಯಾದಗಿರಿಯ ಮೈಲಾಪುರ ಮಲ್ಲಯ್ಯನ ಜಾತ್ರೆಗೆ ಹೋಗುವವರು ಭಂಡಾರದ ಪುಡಿಯನ್ನು ನೆನಪಿಡಿ: ಅಲ್ಲಿ ಲೆನ್ಸ್ ಬಿಚ್ಚುವ ಮಾತೇ ಬೇಡ, ಎರಡು ಬಾಡಿ ಇಲ್ಲವೇ ಒಂದೇ ಜೂಮ್.

ಬಿಲ್ ಕೇಳುವಾಗ

ಜಿಎಸ್‌ಟಿ ಬಿಲ್ ಇಲ್ಲದೆ ಅಗ್ಗಕ್ಕೆ ಸಿಗುವ ಹೊರದೇಶದ ಪೆಟ್ಟಿಗೆಗೆ ಭಾರತದ ವಾರಂಟಿ ಸಿಗುವುದಿಲ್ಲ. ಅಧಿಕೃತ ಸರ್ವಿಸ್ ಸೆಂಟರ್ ಎಲ್ಲಿದೆ ಎಂದು ಹಣ ಕೊಡುವ ಮುಂಚೆಯೇ ಕೇಳಿ. ಬೀದರಿನಿಂದ ಹೈದರಾಬಾದ್ ಸುಮಾರು 140 ಕಿ.ಮೀ., ಬೆಂಗಳೂರು ಅದರ ಹಲವು ಪಟ್ಟು ದೂರ. ಸೀಸನ್ ನಡುವೆ ಬಾಡಿ ಕೆಟ್ಟರೆ ಈ ದೂರವೇ ದೊಡ್ಡ ಖರ್ಚು.

ನೀವೇ ವಿಮರ್ಶೆ ಮಾಡುವವರಾದರೆ

ನಮ್ಮ ಭಾಗದ ಕನ್ನಡದಲ್ಲೇ ಕ್ಯಾಮೆರಾ ವಿಡಿಯೋ ಮಾಡುವ ಹುಡುಗ-ಹುಡುಗಿಯರು ಹೆಚ್ಚುತ್ತಿದ್ದಾರೆ. ಸಂತೋಷದ ಸಂಗತಿ. ನೋಡುವವರು "ನಮ್ಮವರು" ಎಂದು ನಂಬುತ್ತಾರೆ, ಆದ್ದರಿಂದ ಹೊಣೆಯೂ ದೊಡ್ಡದು.

ಜಾಹೀರಾತು ಮಾನದಂಡ ಮಂಡಳಿಯಾದ ಆಸ್ಕಿ 2021ರಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್ನಷ್ಟು ಬಿಡಿಸಿ ಹೇಳಿತು: ಹಣ ಮಾತ್ರವಲ್ಲ, ಪುಕ್ಕಟೆ ವಸ್ತು, ರಿಯಾಯಿತಿ, ಪ್ರವಾಸ, ಹೋಟೆಲ್ ವಾಸ, ಕೌಟುಂಬಿಕ ನಂಟು ಯಾವುದಿದ್ದರೂ ಎದ್ದು ಕಾಣುವಂತೆ ತಿಳಿಸಬೇಕು. ಹ್ಯಾಷ್‌ಟ್ಯಾಗುಗಳ ಗುಂಪಿನಲ್ಲಿ ಹುದುಗಿಸಬಾರದು. ವಿಡಿಯೋದಲ್ಲಾದರೆ ಅಕ್ಷರದಲ್ಲೂ ಇರಬೇಕು, ಬಾಯಿಮಾತಿನಲ್ಲೂ ಇರಬೇಕು. ಶಿಫಾರಸು ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿ. ದಾರಿ ತಪ್ಪಿಸುವ ಶಿಫಾರಸಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು.

ಹೇಳುವುದು ಕಷ್ಟವಲ್ಲ. ವಿಡಿಯೋ ಶುರುವಿನಲ್ಲೇ ಹೀಗೆನ್ನಿ: "ಈ ಕ್ಯಾಮೆರಾ ಅಂಗಡಿಯವ್ರು ಒಂದು ವಾರಕ್ಕ ಕೊಟ್ಟಾರ್ರಿ, ವಾಪಸ್ ಕೊಡೋದದ. ರೊಕ್ಕ ತಗೊಂಡಿಲ್ಲ. ವಿಡಿಯೋ ಹಾಕೋಕಿಂತ ಮೊದಲ ಅವ್ರಿಗಿ ತೋರಿಸಿಲ್ಲ." ರೊಕ್ಕ ತೆಗೆದುಕೊಂಡಿದ್ದರೆ ತಗೊಂಡೀನಿ ಎನ್ನಿ. ಸ್ಕ್ರಿಪ್ಟನ್ನು ಕಂಪನಿ ಮೊದಲೇ ನೋಡಿ ಒಪ್ಪಬೇಕು ಎಂಬ ಷರತ್ತಿದ್ದರೆ ಅದಕ್ಕೆ ವಿಮರ್ಶೆ ಎಂಬ ಹೆಸರಿಡಬೇಡಿ, ಜಾಹೀರಾತು ಎಂದೇ ಕರೆಯಿರಿ. ಒಪ್ಪಂದದಲ್ಲಿ "ದೋಷ ಹೇಳಬಾರದು" ಎಂಬ ಸಾಲು ಕಂಡರೆ ಎಷ್ಟೇ ಕೊಟ್ಟರೂ ಬಿಟ್ಟುಬಿಡಿ.

ಹಣ ಪಡೆದು ಮುಚ್ಚಿಟ್ಟದ್ದು ನೋಡುಗರಾಗಿ ನಿಮ್ಮ ಗಮನಕ್ಕೆ ಬಂದರೆ ಮೊದಲು ಕಾಮೆಂಟಿನಲ್ಲಿ ನೇರವಾಗಿ, ಮರ್ಯಾದೆಯಿಂದ ಕೇಳಿ. ಉತ್ತರ ಬರದಿದ್ದರೆ ಆಸ್ಕಿಗೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕಾಮೆಂಟ್ ಹಾಕುವುದಕ್ಕೂ ಮುಂಚೆಯೇ ವಿಡಿಯೋದ ಕೊಂಡಿ, ದಿನಾಂಕ, ಡಿಸ್ಕ್ರಿಪ್ಷನ್ನಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪ್ರಶ್ನೆ ಬಂದ ಮೇಲೆ ಡಿಸ್ಕ್ರಿಪ್ಷನ್ ಬದಲಾಗುವುದುಂಟು.