ಬ್ಲೌಸ್ ಹೊಲಿಸಿ ಗೊತ್ತಿದ್ದರೆ ‘ಗೆಟ್’ ಕಷ್ಟವಲ್ಲ

ಪಕ್ಕದ ಮನೆಯ ಹುಡುಗ ಆನ್‌ಲೈನ್ ಸಂದರ್ಶನಕ್ಕೆ ಕೂತಿದ್ದ. ನಿನ್ನೆ ಯಾಕೆ ಫೋನಿಗೆ ಸಿಗಲಿಲ್ಲ ಎಂದು ಆ ಕಡೆಯವರು ಕೇಳಿದ್ದಕ್ಕೆ ‘ಸರ್, ಐ ರಿಮೂವ್ಡ್ ಮೈ ಟೂತ್’ ಎಂದುಬಿಟ್ಟ. ಹಲ್ಲು ಕೀಳಿಸಿಕೊಂಡಿದ್ದು ಡಾಕ್ಟರ ಹತ್ತಿರ. ಅವನು ಹೇಳಿದ್ದು ಕೇಳಿದರೆ ತಾನೇ ಕನ್ನಡಿ ಮುಂದೆ ನಿಂತು ಇಕ್ಕಳ ಹಾಕಿದ ಹಾಗಿತ್ತು. ಇಂಗ್ಲಿಷ್ ಬಾರದವನೇನಲ್ಲ, ಪದವಿಯಲ್ಲಿ ಒಳ್ಳೆ ಅಂಕ ತೆಗೆದವನು. ಎಡವಿದ್ದು ‘ಗೆಟ್’ ಎಂಬ ಸಣ್ಣ ಪದ ಬೇಕಾದ ಕಡೆ.

ಈ ಪದವನ್ನು ಕಲಿಯಲು ಹೊರಟವರು ಮೊದಲು ಮಾಡುವ ತಪ್ಪು ಪಟ್ಟಿ ಬರೆಯುವುದು. ಪಡೆ, ಹೊಂದು, ಗಳಿಸು, ತಲುಪು, ಆಗು ಎಂದು ನೋಟ್‌ಬುಕ್ಕಿನ ಒಂದು ಪುಟ ತುಂಬುತ್ತದೆ, ಬಾಯಿಗೆ ಒಂದೂ ಬರುವುದಿಲ್ಲ. ಬಸ್ ನಿಲ್ದಾಣದಲ್ಲಿ ಮಾರುವ ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಪುಸ್ತಕಗಳು ಕೊಡುವುದೂ ಇದೇ ಪಟ್ಟಿಯನ್ನು. ಕೊಳ್ಳಬೇಡಿ. ಅದರ ಬದಲು ನಿಮ್ಮ ಬಾಯಲ್ಲಿ ಆಗಲೇ ಇರುವ ಕನ್ನಡದಿಂದ ಹೊರಡಿ. ಸಿಗು, ಬರು, ಆಗು, ಮತ್ತು ಕ್ರಿಯಾಪದದ ಬಾಲಕ್ಕೆ ಅಂಟುವ ‘ಇಸು’: ದಿನಬಳಕೆಯ ‘ಗೆಟ್’ ಬಹುಪಾಲು ಈ ನಾಲ್ಕರಲ್ಲಿ ಸಿಕ್ಕಿಬಿಡುತ್ತದೆ.

ಮೊದಲು ‘ನನಗೆ’ಯನ್ನು ‘ಐ’ ಮಾಡಿ. ನನಗೆ ಕೆಲಸ ಸಿಕ್ಕಿತು: ಐ ಗಾಟ್ ಎ ಜಾಬ್. ನನಗೆ ಸಿಟ್ಟು ಬಂತು: ಐ ಗಾಟ್ ಆ್ಯಂಗ್ರಿ. ಕನ್ನಡದಲ್ಲಿ ಸಿಟ್ಟು, ಜ್ವರ, ಡೌಟು ಎಲ್ಲವೂ ನಮ್ಮನ್ನು ಹುಡುಕಿಕೊಂಡು ಬರುತ್ತವೆ, ಅದಕ್ಕೇ ‘ಡೌಟ್ ಕೇಮ್ ಟು ಮಿ’ ಎನ್ನುವವರು ತರಗತಿಗೆ ನಾಲ್ಕು ಜನ. ಇಂಗ್ಲಿಷಿನಲ್ಲಿ ‘ಐ’ ಮುಂದೆ ಬರಬೇಕು, ಅಷ್ಟೇ. ‘ಐ ಆ್ಯಮ್ ಗೆಟ್ಟಿಂಗ್ ಸ್ಲೀಪ್’ ಎನ್ನಬೇಡಿ, ಅದು ಸ್ಲೀಪಿ.

ಎರಡನೆಯದು ‘ಆಗು’. ಕತ್ತಲಾಯಿತು, ಇಟ್ ಗಾಟ್ ಡಾರ್ಕ್. ತಣ್ಣಗಾಯಿತು, ಇಟ್ ಗಾಟ್ ಕೋಲ್ಡ್. ಇದು ಸುಲಭ. ಮದುವೆ ವಿಷಯದಲ್ಲಿ ಮಾತ್ರ ಜೋಪಾನ. ‘ನನ್ನ ಮದುವೆ ಆಯ್ತು’ ಎಂಬುದನ್ನು ‘ಮೈ ಮ್ಯಾರೇಜ್ ಗಾಟ್ ಓವರ್’ ಎಂದರೆ ಹೊರದೇಶದ ಸಹೋದ್ಯೋಗಿ ಸಾಂತ್ವನ ಹೇಳುತ್ತಾನೆ, ವಿಚ್ಛೇದನವಾಯಿತು ಅಂದುಕೊಂಡು. ಐ ಗಾಟ್ ಮ್ಯಾರೀಡ್ ಎನ್ನಿ. ಯಾರನ್ನು ಎಂದು ಹೇಳುವಾಗ ‘ಟು’ ಹಾಕಿ, ‘ವಿತ್’ ಬೇಡ.

ಈಗ ಬರುವುದೇ ಎಲ್ಲರೂ ಜಾರುವ ಜಾಗ, ‘ಇಸು’. ನಿಧಾನವಾಗಿ ಓದಿ, ಸಾಧ್ಯವಾದರೆ ಗಟ್ಟಿಯಾಗಿ.

ಸಲೂನಿಗೆ ಹೋಗಿ ಬಂದು ನಾವು ‘ಕೂದಲು ಕಟ್ ಮಾಡಿಸಿದೆ’ ಎನ್ನುತ್ತೇವೆ. ‘ಮಾಡಿದೆ’ ಎನ್ನುವುದಿಲ್ಲ. ಕತ್ತರಿ ಹಿಡಿದವರು ಬೇರೆ ಎಂಬ ಇಡೀ ಕಥೆ ಆ ಒಂದು ‘ಇಸಿ’ಯಲ್ಲಿದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಂಥ ಬಾಲವಿಲ್ಲ, ಆ ಕೆಲಸ ಮಾಡುವುದು ‘ಗೆಟ್’. ಬಾಲವನ್ನು ಕಿತ್ತು ತಲೆಗೆ ಇಡಿ: ‘ಮಾಡಿಸಿದೆ’ ಹೋಗಿ ಮುಂದೆ ‘ಐ ಗಾಟ್’ ಆಯಿತು. ಉಳಿದದ್ದು ‘ಕೂದಲು ಕಟ್’. ಅದನ್ನು ಕನ್ನಡದ ಸಾಲಿನಲ್ಲೇ ಬಿಡಿ: ಐ ಗಾಟ್ ಮೈ ಹೇರ್ ಕಟ್. ‘ಕಟ್’ ಇದ್ದಲ್ಲೇ ಇದೆ, ನೋಡಿದಿರಾ? ಶಾಲೆಯಲ್ಲಿ ‘ಇಂಗ್ಲಿಷಿನಲ್ಲಿ ಕ್ರಿಯಾಪದ ಮೊದಲು, ವಸ್ತು ಆಮೇಲೆ’ ಎಂದು ಕಲಿತವರು ಇಲ್ಲಿ ಅತಿ ಬುದ್ಧಿವಂತಿಕೆ ತೋರಿಸಿ ‘ಐ ಗಾಟ್ ಕಟ್ ಮೈ ಹೇರ್’ ಮಾಡುತ್ತಾರೆ. ಬೇಡ. ಬ್ಲೌಸ್ ಹೊಲಿಸಿದೆ: ಐ ಗಾಟ್ ಎ ಬ್ಲೌಸ್ ಸ್ಟಿಚ್ಡ್. ಗಾಡಿ ಸರ್ವೀಸ್ ಮಾಡಿಸಿದೆ: ಐ ಗಾಟ್ ದಿ ಬೈಕ್ ಸರ್ವೀಸ್ಡ್. ಕೊನೆಯ ಪದ ಯಾವಾಗಲೂ ಕ್ರಿಯಾಪದದ ಮೂರನೇ ರೂಪ. ಗಿರಣಿಯಲ್ಲಿ ರಾಗಿ ಬೀಸಿಸಿದರೆ ‘ಗ್ರೌಂಡ್’, ‘ಗ್ರೈಂಡೆಡ್’ ಅಲ್ಲ.

ಯಾರ ಕೈಲಿ ಮಾಡಿಸಿದಿರಿ ಎಂಬುದನ್ನೂ ಹೇಳಬೇಕಾದರೆ ಸಾಲು ಬದಲಾಗುತ್ತದೆ. ‘ಟೈಲರ್ ಕೈಲಿ ಹೊಲಿಸಿದೆ’ ಎಂಬುದು ‘ಐ ಗಾಟ್ ದಿ ಟೈಲರ್ ಟು ಸ್ಟಿಚ್ ಇಟ್’. ಆ ‘ಟು’ ಬಿಡುವ ಹಾಗಿಲ್ಲ. ‘ಮೇಕ್’ ಹಾಕಿದರೆ ‘ಟು’ ಬೇಡ, ಆದರೆ ಬಲವಂತ ಮಾಡಿ ಹೊಲಿಸಿದ ಹಾಗಾಗುತ್ತದೆ.

ಇದರ ತಮ್ಮ ಒಬ್ಬನಿದ್ದಾನೆ, ‘ಬೈಸಿಕೊಂಡೆ’. ಅಪ್ಪನ ಕೈಲಿ ಬೈಸಿಕೊಂಡಾಗ ಅನುಭವಿಸಿದವರು ನೀವೇ, ನಡುವೆ ವಸ್ತುವಿಲ್ಲ: ಐ ಗಾಟ್ ಸ್ಕೋಲ್ಡೆಡ್. ಕಳ್ಳತನವಾದಾಗಲೂ ಹೀಗೇ ‘ಮೈ ಪರ್ಸ್ ಗಾಟ್ ಸ್ಟೋಲನ್’ ಎನ್ನಿ. ‘ಐ ಗಾಟ್ ಮೈ ಪರ್ಸ್ ಸ್ಟೋಲನ್’ ಎಂದರೆ ನೀವೇ ಆಳು ಇಟ್ಟು ಕದಿಯಿಸಿದಿರೋ ಎಂಬ ಅನುಮಾನಕ್ಕೆ ಎಡೆಯಾಗುತ್ತದೆ.

ಹಾಗಾದರೆ ‘ಮನೆ ಕಟ್ಟಿಸಿದೆವು’ಗೆ? ಇಲ್ಲಿ ಇಂಗ್ಲಿಷರೇ ಸಡಿಲ. ಗಾರೆಯವರು ಕಟ್ಟಿದರೂ ‘ವಿ ಬಿಲ್ಟ್ ಎ ಹೌಸ್’ ನಡೆಯುತ್ತದೆ. ಹಲ್ಲು, ಕೂದಲಿಗೆ ಆ ರಿಯಾಯಿತಿ ಇಲ್ಲ.

ಮೊಬೈಲಿನ ಅನುವಾದದ ಆ್ಯಪ್‌ಗಳನ್ನು ಈ ಹಂತದಲ್ಲಿ ಮುಟ್ಟಬೇಡಿ. ನಾನು ಒಂದಕ್ಕೆ ‘ಕೂದಲು ಕಟ್ ಮಾಡಿಸಿದೆ’ ಕೊಟ್ಟೆ, ‘ಇಸಿ’ಯನ್ನು ನುಂಗಿಹಾಕಿ ‘ಐ ಕಟ್ ಮೈ ಹೇರ್’ ಕೊಟ್ಟಿತು. ನಿಘಂಟು ಬೇಕೇ ಬೇಕೆಂದರೆ ಕಲಿಯುವವರಿಗಾಗಿ ಮಾಡಿದ್ದನ್ನೇ ತೆಗೆದುಕೊಳ್ಳಿ, ಬರೀ ಅರ್ಥ ಕೊಡುವ ಜೇಬು ನಿಘಂಟು ಬೇಡ. ನನ್ನ ಮೇಜಿನ ಮೇಲಿರುವುದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್. ಅದರ ಮೂಲವನ್ನು ಸಿದ್ಧಪಡಿಸಿದ್ದು ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತು ಸಂಗಡಿಗರು, ಮೊದಲು ಹೊರಬಂದದ್ದು 1942ರಲ್ಲಿ ಟೋಕಿಯೊದಲ್ಲಿ. ಮನೆಯಲ್ಲಿ ಇಂಗ್ಲಿಷ್ ಆಡದ ನಮ್ಮಂಥವರು ಎಲ್ಲಿ ಎಡವುತ್ತೇವೆ ಎಂದು ನೋಡಿ ಮಾಡಿದ್ದರಿಂದ ಅರ್ಥದ ಜೊತೆ ಪದಗಳ ಸಾಲೂ ಅದರಲ್ಲಿ ಸಿಗುತ್ತದೆ. ‘ಗೆಟ್’ ನೋಡುವಾಗ ಅರ್ಥ ಬಿಟ್ಟು ಆ ಸಾಲುಗಳನ್ನು ಓದಿ.

ಹತ್ತುವುದು ಇಳಿಯುವುದು ಎರಡೇ ಮಾತು. ಒಳಗೆ ನಿಲ್ಲಬಹುದಾದ ಬಸ್, ರೈಲು, ವಿಮಾನ, ಹಾಗೇ ಕಾಲು ಹಾಕಿ ಕೂರುವ ಬೈಕಿಗೆ ಗೆಟ್ ಆನ್, ಗೆಟ್ ಆಫ್. ಬಗ್ಗಿ ಕೂರುವ ಕಾರು, ಆಟೊಗೆ ಗೆಟ್ ಇನ್, ಗೆಟ್ ಔಟ್. ‘ಗೆಟ್ ಡೌನ್’ ಮೆಜೆಸ್ಟಿಕ್‌ನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ಲಿ ಧಾರಾಳವಾಗಿ ಹೇಳಿ. ಅಮೆರಿಕದವರು ‘ಹ್ಯಾವ್ ಗಾಟನ್’ ಎಂದರೆ ತಿದ್ದಲು ಹೋಗಬೇಡಿ, ಅದು ಅವರ ರೂಪ, ಬ್ರಿಟಿಷರದು ‘ಗಾಟ್’. ‘ಫರ್ಗಾಟನ್’ನಲ್ಲಿ ಆ ಬಾಲ ಎರಡು ಕಡೆಯೂ ಉಳಿದಿದೆ.

ಇನ್ನು ಅಭ್ಯಾಸ. ರಾತ್ರಿ ಮಲಗುವ ಮುಂಚೆ ಆ ದಿನ ದುಡ್ಡು ಕೊಟ್ಟು ಮಾಡಿಸಿದ್ದನ್ನೆಲ್ಲ ನೆನಪಿಸಿಕೊಳ್ಳಿ: ಪಂಕ್ಚರ್ ಹಾಕಿಸಿದ್ದು, ಜೆರಾಕ್ಸ್ ಮಾಡಿಸಿದ್ದು, ಚಪ್ಪಲಿ ಹೊಲಿಸಿದ್ದು. ಒಂದೊಂದನ್ನೂ ಬಾಲ ಕಿತ್ತು ತಲೆಗಿಟ್ಟು ಗಟ್ಟಿಯಾಗಿ ಹೇಳಿ. ಮನೆಯವರು ನಗುತ್ತಾರೆ, ಬಾಗಿಲು ಹಾಕಿಕೊಳ್ಳಿ.